ಬಾಳಪ್ಪನ ಸೋಗು ಹಾಕಿದವನು ನಾನು

ಬಾಳಪ್ಪಾ, ನಿನ್ನ ಕಾಲೇಜು ತಪ್ಪಿಸಿದವನು ನಾನು. ಆ ದಿನ ಗೇಟಿನಲ್ಲಿ ನಿನ್ನನ್ನು ಕಂಡು ಅವರೆಲ್ಲ ನಕ್ಕರಲ್ಲ — ಆ ನಗೆಯನ್ನು ಅವರಿಗೆ ಕಲಿಸಿದವನೂ ನಾನೇ. ನಿನಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಪೂರ್ತಿ ಹೇಳಿಬಿಡುತ್ತೇನೆ.

ಸ್ವಾತಂತ್ರ್ಯ ಬರುವ ಹಿಂದಿನ ವರ್ಷ. ವಿಜಾಪುರದ ಕಾಲೇಜಿನಲ್ಲಿ ನನಗೆ ಎರಡನೆಯ ವರ್ಷ. ಹಳ್ಳಿಯಿಂದ ಬರುವ ಹೊಸ ಹುಡುಗರು ಹೆದರಿ ತಿರುಗಿ ಹೋಗುತ್ತಾರೆಂದು ಪ್ರೊಫೆಸರರೊಬ್ಬರು ನಮ್ಮಲ್ಲಿ ಕೆಲವರನ್ನು ಮುಖಂಡರೆಂದು ಆರಿಸಿ, ಆ ಹೊಸಬರನ್ನು ಬರಮಾಡಿಕೊಳ್ಳುವ ತಾಲೀಮು ಕೊಡುತ್ತಿದ್ದರು. ಹೆಸರು ಕೇಳಬೇಕು, ಜಾತಿ ಕೇಳಬಾರದು. ಟ್ರಂಕು ನಾವೇ ಹೊರಬೇಕು. ಮೊದಲ ಊಟ ಜೊತೆಗೆ ಕೂತು ಉಣ್ಣಬೇಕು. ತಾಲೀಮಿನಲ್ಲಿ ಒಬ್ಬ ಹೊಸಬನಾಗಿ ನಟಿಸಬೇಕು, ಉಳಿದವರು ಸ್ವಾಗತಿಸಬೇಕು. ಹೊಸಬನ ಪಾತ್ರ ನನ್ನ ಪಾಲಿಗೆ ಬಂತು.

ಪೇಟೆಯ ವ್ಯಾಪಾರಸ್ಥರ ಮಕ್ಕಳ ನಡುವೆ, ಹೊನವಾಡದ ಒಕ್ಕಲಿಗನ ಮಗನಾದ ನಾನು ಅಲ್ಲಿಯವರೆಗೆ ಬಾಯಿ ಬಿಟ್ಟವನಲ್ಲ. ಅಂದು ನನ್ನ ನಟನೆಗೆ ಎಲ್ಲರೂ ನಕ್ಕರು ನೋಡು — ನನಗೆ ಅದರ ರುಚಿ ಹತ್ತಿತು. ನಾನು ನಟಿಸಿದ್ದು ಯಾರನ್ನು? ನನ್ನ ಬಾಲ್ಯದ ಗೆಳೆಯನನ್ನು, ನಿನ್ನನ್ನು. ಕಳವಾದೀತೆಂದು ಚಪ್ಪಲಿಯನ್ನು ಕಂಕುಳಲ್ಲಿ ಹಿಡಿಯುವುದು, ದೊಡ್ಡವರೆದುರು ಕಣ್ಣು ಮುಚ್ಚಿ ಮಗ್ಗಿ ಒಪ್ಪಿಸುವಂತೆ ಉತ್ತರ ಹೇಳುವುದು... ದಿನಕ್ಕೊಂದು ಸೇರಿಸುತ್ತ ಹೋದೆ. ನಗದೆ ಇರಲು ಕಲಿಯಿರಿ ಎನ್ನುತ್ತಲೇ ಪ್ರೊಫೆಸರರೂ ನಗುತ್ತಿದ್ದರು.

ಇತ್ತ ಊರಿಗೆ ಬಂದಾಗ ಕಾಲೇಜು ಸೇರೆಂದು ನಿನ್ನ ಬೆನ್ನು ಹತ್ತಿದವನೂ ನಾನೇ. ಕುರಿ ಕಾಯುತ್ತಲೇ ಮಾಸ್ತರರ ಹತ್ತಿರ ಓದಿ ಮ್ಯಾಟ್ರಿಕ್ ಪಾಸಾದವನು ನೀನು. ಆ ವರ್ಷ ಸೇರದಿದ್ದರೆ ನಿನ್ನಪ್ಪ ಮತ್ತೆ ಕಳಿಸುವವನಲ್ಲ — ಅದೂ ನನಗೆ ಗೊತ್ತಿತ್ತು.

“ನೀ ಸುಮ್ಮ ಬಾರಲೇ, ಬಾಗಲದಾಗ ನಾನ ನಿಂತಿರ್ತೇನಿ,” ಎಂದಿದ್ದೆ.

ನಿಂತಿದ್ದೆ. ನೀನು ಬಂದೆ — ಚಪ್ಪಲಿ ಕಂಕುಳಲ್ಲಿ. ಪ್ರೊಫೆಸರರು ಹೆಸರು ಕೇಳಿದರು. ನೀನು ಕಣ್ಣು ಮುಚ್ಚಿದೆ. ಅಷ್ಟೇ — ನಿಂತವರೆಲ್ಲ ನಕ್ಕುಬಿಟ್ಟರು. “ಇವನ ನಾಟಕದಾಗಿನಾಂವನ ಬಂದಾನ ನೋಡ್ರಿ,” ಎಂದು ಒಬ್ಬ ನನ್ನ ಬೆನ್ನು ತಟ್ಟಿದ. ನೀನು ಕಣ್ಣು ತೆರೆದು ನನ್ನನ್ನೇ ನೋಡಿದೆ. ಪ್ರೊಫೆಸರರ ಮುಖ ಬಿಗಿಯಿತು. ಇವನು ನಿನ್ನ ಪರಿಚಯದವನೇ ಎಂದು ನನ್ನನ್ನು ಕೇಳಿದರು. ಹೌದೆಂದರೆ ಗೆಳೆಯನನ್ನೇ ಆಡಿಕೊಂಡವನೆಂದು ಎಲ್ಲರಿಗೂ —

“ಇಲ್ರಿ ಸರ್. ಯಾರೋ ಏನೋ.”

ನೀನು ತಿರುಗಿ ನಡೆದೆ. ಓಡಿ ಹೋಗಿ ಕರೆದುಕೊಂಡು ಬಾ ಎಂದು ಪ್ರೊಫೆಸರರು ನನ್ನನ್ನೇ ಅಟ್ಟಿದರು. ಮೂಲೆಯವರೆಗೆ ಹೋದೆ. ನೀನು ಊರ ಕಡೆಯ ಟಿಕೋಟಾ ರಸ್ತೆ ಹಿಡಿದಿದ್ದೆ, ಕೂಗಿದ್ದರೆ ಕೇಳುತ್ತಿತ್ತು. ಕೂಗಲಿಲ್ಲ. ಸಿಗಲಿಲ್ಲವೆಂದು ಬಂದು ಹೇಳಿದೆ.

ದೀಪಾವಳಿಗೆ ಊರಿಗೆ ಬಂದಾಗ ನಿನ್ನವ್ವನ ಕಣ್ಣು ತಪ್ಪಿಸಿ ತಿರುಗಿದೆ. ಆಕೆಯೇ ಹುಡುಕಿಕೊಂಡು ಬಂದಳು, ಒಂದು ತಂಬಿಗೆ ಹಾಲು ಹಿಡಿದು. ಬೈಗುಳ ಕೇಳಲು ಸಿದ್ಧನಾಗಿ ನಿಂತೆ.

“ನೀ ಭಾಳ ಚಲೋ ನೋಡ್ಕೊಂಡಿ ಅಂತ ಬಾಳ್ಯಾ ಹೇಳ್ಯಾನಪ್ಪಾ. ಅವಗ ಶಹರ ಹಿಡಸಲಿಲ್ಲಂತ.”

ನಾನು ಆ ಹಾಲು ಕುಡಿದೆ, ಬಾಳಪ್ಪಾ. ತಂಬಿಗೆ ತೊಳೆದು ಕೊಟ್ಟೆ.

ಆಕೆ ಹೋಗಿ ಬಹಳ ವರ್ಷಗಳಾದವು. ನೀನು ಇನ್ನೂ ಅದನ್ನೇ ಹೇಳುತ್ತೀಯಂತೆ. ಶಹರಕ್ಕೆ ಹೆದರಿ ಓಡಿಬಂದ ಅಜ್ಜನೆಂದು ಮೊಮ್ಮಕ್ಕಳು ನಿನ್ನನ್ನು ಆಡಿಕೊಳ್ಳುತ್ತಾರಂತೆ, ನೀನೂ ಅವರ ಜೊತೆ ನಗುತ್ತೀಯಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗುತ್ತಿಲ್ಲ. ಹೊನವಾಡಕ್ಕೆ ಬರುತ್ತಿದ್ದೇನೆ. ಆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ — ನಿಮ್ಮಜ್ಜ ಹೆದರಿ ಬಂದವನಲ್ಲ, ನಾನೇ ಅವನ ಗುರುತಿಲ್ಲವೆಂದೆ.