ಖಾನಾಪುರದ ಸಂತೆಯಲ್ಲಿ ಅರ್ಧ ಹೇಳಿದ ಮಾತು

ಭಾದ್ರಪದ ಮುಗಿದು ಕೆಲವೇ ದಿನಗಳಾಗಿದ್ದವು. ಶನಿವಾರ ಮಧ್ಯಾಹ್ನ ಬೆಳಗಾವಿ ಸ್ಟೇಶನ್ನಿನಲ್ಲಿ ಐದೂವರೆ ಆಣೆ ಕೊಟ್ಟು ಖಾನಾಪುರಕ್ಕೆ ಮೂರನೆಯ ದರ್ಜೆಯ ಟಿಕೀಟು ತೆಗೆದುಕೊಂಡೆ. ಮಳೆಯ ನೆವ ಹೇಳಿ ಟಾಂಗಾದವನು ಹೆಚ್ಚಿಗೆ ಒಂದಾಣೆ ಕಿತ್ತುಕೊಂಡಿದ್ದ. ಅವನೊಡನೆ ವಾದ ಹೂಡಿ ಗಾಡಿ ತಪ್ಪುವ ಹಾಗಾಗಿತ್ತು. ಕೈಯಲ್ಲಿ ಬಟ್ಟೆಯ ಚೀಲ, ಅತ್ತೆಗೆಂದು ಕುಂದಾದ ಪೊಟ್ಟಣ, ಇಷ್ಟೇ ಸಾಮಾನು.

ನಾನು ಬೆಳಗಾವಿಯ ವಕೀಲರೊಬ್ಬರ ಕೈಕೆಳಗೆ ಕಾಯ್ದೆ ಕಲಿಯುತ್ತಿರುವವನು. ಸಂಜೆ ಚರ್ಚಾಕೂಟದಲ್ಲಿ ಮಾತನಾಡುವ ಚಟವೂ ಉಂಟು. ಸರಕಾರಿ ಕೋರ್ಟು ಬಿಟ್ಟು ಊರ ಪಂಚರ ಬಳಿಗೆ ಹೋಗಿರೆಂದು ಖಾದಿ ಟೊಪ್ಪಿಗೆಯವರು ಚೌಕ ಚೌಕದಲ್ಲಿ ಹೇಳುತ್ತಿರುವ ಕಾಲವಿದು. ಕೂಟದಲ್ಲಿ ಈ ವಿಷಯ ಬಂದಾಗ ನಾನು ಪಂಚರ ವಿರುದ್ಧ ನಿಂತು ಗೆದ್ದಿದ್ದೆ. ತಪ್ಪು ಮಾಡಿದವರನ್ನೂ ನೊಂದವರನ್ನೂ ಎದುರುಬದುರು ಕೂಡಿಸಿ, ಆದ ಹಾನಿಯನ್ನು ತುಂಬಿಸಿ, ಇಬ್ಬರನ್ನೂ ಮತ್ತೆ ಊರಿನೊಳಗೆ ಸೇರಿಸಿಕೊಳ್ಳುವುದೇ ನಿಜವಾದ ನ್ಯಾಯವೆಂದು ಎದುರು ಪಕ್ಷದವರ ವಾದ. ಹಾನಿಯನ್ನು ಅಳೆಯುವವರು ಯಾರು, ತುಂಬಿತೆಂದು ಹೇಳುವವರು ಯಾರು ಎಂದು ನಾನು ಕೇಳಿದೆ. ಈಗ ಅಂಥದೇ ಒಂದು ಪಂಚಾಯತಿಯಲ್ಲಿ ಸೋದರತ್ತೆಯ ಪರವಾಗಿ ಮಾತನಾಡಲು ನಾನೇ ಹೊರಟಿದ್ದೆ. ತಪ್ಪು ಮಾಡಿದವಳು ಅತ್ತೆಯೇ.

ದೇಸೂರು ದಾಟಿದ ಮೇಲೆ ಎರಡೂ ಕಡೆ ಭತ್ತದ ಗದ್ದೆಗಳು ನೀರು ತುಂಬಿಕೊಂಡು ಹೊಳೆಯುತ್ತಿದ್ದವು. ಡಬ್ಬಿಯಲ್ಲಿ ಕುಳಿತವರ ಮಾತು ಸುಮ್ಮನೆ ಕನ್ನಡದಿಂದ ಮರಾಠಿಗೆ ಜಾರಿತು, ಮತ್ತೆ ಹೊರಳಿತು. ದಾರಿಯಲ್ಲಿ ಗಾಡಿ ಕಾರಣವಿಲ್ಲದೆ ನಿಂತು ತಡವಾಯಿತು. ನಮ್ಮ ಜೈನರ ಮನೆಗಳಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ತಾಟು ಹಾಕಿಯೇ ಬಿಟ್ಟಿದ್ದಳು. "ಕೈಕಾಲ ತೊಳಕೊಂಡ ಲಗೂನ ಕುಂದರೋ ನೇಮೂ. ನಿಮ್ಮ ವಕೀಲ ಹೇಳಿದ್ರ ಸೂರ್ಯಾ ನಿಂದರೂದಿಲ್ಲ" ಎಂದಳು. ಅಕ್ಕಿ ರೊಟ್ಟಿ, ಹೆಸರುಕಾಳಿನ ಪಲ್ಯ, ಗಟ್ಟಿ ಮೊಸರು. ಮಾವನವರು ಅಕ್ಕಿಯ ವ್ಯಾಪಾರಿಗಳು. ಅನ್ನದ ಘಮಕ್ಕೇ ಅರ್ಧ ಹೊಟ್ಟೆ ತುಂಬುವ ಮನೆ ಅದು.

ಉಂಡಾದ ಮೇಲೆ ಅತ್ತೆ ನಡೆದದ್ದನ್ನೆಲ್ಲ ಹೇಳಿದಳು. ಚೈತ್ರದಲ್ಲಿ ಸೊಸೆ ಹಡೆದಾಗ ಶೇವಂತಾಬಾಯಿ ಎಂಬ ಸೂಲಗಿತ್ತಿ ಬಂದು ಹೆರಿಗೆ ಮಾಡಿಸಿ, ಹೆಸರಿಡುವ ದಿನದವರೆಗೂ ಬಾಣಂತಿಗೂ ಕೂಸಿಗೂ ಎರೆದಿದ್ದಳು. ಆ ದಿನವೇ ಅತ್ತೆಯ ಬೋರಮಾಳ, ಬಂಗಾರದ ಗುಂಡಿನ ಹಾರ, ಕಾಣದಾಯಿತು. ಮುಂದಿನ ಸಂತೆಯ ದಿನ ಅತ್ತೆ ಬಳೆಗಾರರ ಸಾಲಿನಲ್ಲಿ ಶೇವಂತಾಬಾಯಿಯ ಸೆರಗು ಹಿಡಿದು ನಿಲ್ಲಿಸಿ, ಕಳ್ಳಿ ಎಂದು ಕೂಗಿ ಹೇಳಿದಳು. ಅಂದಿನಿಂದ ಅವಳನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಶ್ರಾವಣದಲ್ಲಿ ಹುಳ ಬಿದ್ದ ಅಕ್ಕಿಯನ್ನು ಹರವಲೆಂದು ಮಡಿಕೆ ಬರಿದು ಮಾಡಿದಾಗ, ಅರಿವೆಯಲ್ಲಿ ಸುತ್ತಿದ ಬೋರಮಾಳ ತಳದಲ್ಲಿತ್ತು. ನೆಂಟರ ಗದ್ದಲದಲ್ಲಿ ಜೋಪಾನವಾಗಿರಲೆಂದು ಅದನ್ನು ಅಲ್ಲಿಟ್ಟವಳು ಅತ್ತೆಯೇ. ಇಟ್ಟದ್ದನ್ನು ಮರೆತಿದ್ದಳು.

"ಪರ್ವ ಮುಗದ ಮ್ಯಾಲೆ ಬಸದ್ಯಾಗ ಎಲ್ಲಾರ ಮುಂದ ಕೈ ಮುಗದ ಕ್ಷಮಾ ಕೇಳೀನಿ," ಎಂದಳು ಅತ್ತೆ. ಭಾದ್ರಪದದ ಪರ್ವ ಮುಗಿದಾಗ ಒಬ್ಬರನ್ನೊಬ್ಬರು ಕ್ಷಮೆ ಕೇಳುವುದು ನಮ್ಮ ಜೈನರ ವಾಡಿಕೆ. "ಯಾರನ್ನ ಕೇಳಬೇಕಿತ್ತೊ, ಆಕಿ ಅಲ್ಲಿರಲಿಲ್ಲ."

ಮಾವನವರು ಸೀರೆ, ತೆಂಗಿನಕಾಯಿ, ಅಕ್ಕಿಯಿಂದ ಉಡಿ ತುಂಬಿ ಕಳಿಸುತ್ತೇವೆಂದು ಹೇಳಿಕಳಿಸಿದ್ದರಂತೆ. ಶೇವಂತಾಬಾಯಿ ಅಷ್ಟಕ್ಕೆ ಒಪ್ಪದೆ, ಅತ್ತೆ ಸಂತೆಯಲ್ಲಿಯೇ ತಪ್ಪೊಪ್ಪಬೇಕೆಂದು ಪಂಚರನ್ನು ಕೂಡಿಸಿದ್ದಳು. ಸಂತೆಯಲ್ಲಿ ನಿಲ್ಲುವ ಪ್ರಸಂಗ ತಪ್ಪಿಸಬೇಕು, ನನ್ನನ್ನು ಕರೆಸಿದ್ದು ಅದಕ್ಕೇ.

ರವಿವಾರ ಬೆಳಿಗ್ಗೆ ಮಳೆ ಬಿಟ್ಟಿತ್ತು. ಪಾಟೀಲರ ಮನೆಯ ಕಟ್ಟೆಯ ಮೇಲೆ ನಾಲ್ಕೈದು ಹಿರಿಯರು ಕುಳಿತರು. ಪಾಟೀಲರು ಲಿಂಗಾಯತರು, ವಿಭೂತಿ ಹಚ್ಚಿದ ಶಾಂತ ಮುಖ. ಶೇವಂತಾಬಾಯಿ ಮಡಿ ಮಾಡಿದ ಹಸಿರು ಸೀರೆಯುಟ್ಟು ಕಂಬಕ್ಕೆ ಆತು ಕುಳಿತಿದ್ದಳು. ಎದುರಿಗೆ ಕುಳಿತಿದ್ದ ಅತ್ತೆಯನ್ನೂ ನನ್ನನ್ನೂ ಪಾಟೀಲರು ಮೊದಲು ಕೇಳಲಿಲ್ಲ. ಅವಳತ್ತ ತಿರುಗಿ, ನಿನಗೇನು ಆಗಬೇಕು ಹೇಳು ಎಂದರು. ಕೋರ್ಟಿನಲ್ಲಿ ನೊಂದವರನ್ನು ಯಾರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಅಷ್ಟನ್ನು ಒಪ್ಪಿಕೊಳ್ಳಬೇಕು.

"ಉಡಿ ತುಂಬಿದ್ರ ಬ್ಯಾಡ ಅನ್ನೂದಿಲ್ರೀ ಪಾಟೀಲ್ರ," ಎಂದಳು ಅವಳು. "ನಾ ಕದ್ದಿಲ್ಲ ಅನ್ನೂದು ನನಗ ಗೊತ್ತೈತಿ. ಈಗ ಅಕ್ಕಾರಿಗೂ ಗೊತ್ತಾತು. ಗೊತ್ತಿಲ್ಲದವರಿಗೆ ಹೇಳ್ರಿ ಅಂತೀನಿ. ಸಂತ್ಯಾಗ ಅಂದಿದ್ರು, ಸಂತ್ಯಾಗ ಹೇಳ್ಲಿ."

ನಾನು ಎದ್ದೆ. ಅಂದು ಸಂತೆಯಲ್ಲಿದ್ದ ಜನ ಇಂದೂ ಇರುತ್ತಾರೆಯೇ ಎಂದು ಕೇಳಿದೆ. ಮರೆತವರಿಗೆ ಹಳೆಯದನ್ನು ನೆನಪು ಮಾಡಿಕೊಟ್ಟಂತಾಗುವುದಿಲ್ಲವೇ ಎಂದೆ. ಮನೆತನದ ಮರ್ಯಾದೆ, ಹಿರಿಯ ಹೆಂಗಸಿನ ವಯಸ್ಸು, ಎಲ್ಲವನ್ನೂ ಸಾಲಾಗಿ ಜೋಡಿಸಿದೆ. ಪಂಚರಲ್ಲಿ ಒಬ್ಬ ಮುದುಕರು ಎಲೆ ಅಡಿಕೆ ಮೆಲ್ಲುತ್ತ, "ಹುಡುಗ ಅಕ್ಕಿ ಅಂಗಡ್ಯಾಗ ಇರಬೇಕಿತ್ತ ನೋಡ್ರಿ, ಮಾತನ್ನೂ ತೂಗಿ ತೂಗಿ ಹಾಕತಾನ" ಎಂದರು. ಎಲ್ಲರೂ ನಕ್ಕರು. ಶೇವಂತಾಬಾಯಿಯೂ ನಕ್ಕಳು. ಆದರೆ ಪಾಟೀಲರು ಬಗ್ಗಲಿಲ್ಲ, ಸಂತೆಯಲ್ಲಿಯೇ ಹೇಳಬೇಕೆಂದರು. ಅತ್ತೆ ಸೆರಗು ಬಾಯಿಗೆ ಹಿಡಿದು, ಆಗಲಿ ಎಂದು ತಲೆಯಾಡಿಸಿದಳು. ಅವಳಿಗೆ ಹಗುರವಾದಂತೆ ನನಗೆ ಕಂಡಿತು.

ನಾನು ಅಲ್ಲಿಗೆ ಬಿಡಬಹುದಿತ್ತು. ಆದರೆ ಬಹಿರಂಗದಲ್ಲಿ ಏನನ್ನೂ ಬಾಯಿಬಿಟ್ಟು ಒಪ್ಪಬಾರದು ಎಂಬುದು ನಾನು ಕಲಿತ ಮೊದಲ ಪಾಠ. ನಾಳೆ ಯಾರಾದರೂ ಮಾನನಷ್ಟದ ದಾವೆ ಹೂಡಿಸಿದರೆ? ಆಡುವ ಮಾತನ್ನು ಈಗಲೇ ಗೊತ್ತುಮಾಡೋಣವೆಂದೆ. ಕಳೆದ ಬೋರಮಾಳ ಮನೆಯಲ್ಲಿ ಸಿಕ್ಕಿದೆ, ಯಾರ ಮೇಲೂ ನಮಗೆ ಸಂಶಯವಿಲ್ಲ. ಇಷ್ಟು ಸಾಕು, ಇದರಲ್ಲಿ ಸುಳ್ಳಿಲ್ಲ. ಇಟ್ಟವರು ಯಾರು ಎಂಬುದನ್ನೂ ಹೇಳುತ್ತಾರಲ್ಲವೇ ಎಂದು ಶೇವಂತಾಬಾಯಿ ಮೆಲ್ಲಗೆ ಕೇಳಿದಳು. ಮನೆಯಲ್ಲಿ ಸಿಕ್ಕ ಮೇಲೆ ಕಳವೇ ಆಗಲಿಲ್ಲ, ಕಳವೇ ಇಲ್ಲದ ಮೇಲೆ ಕಳ್ಳರೆಲ್ಲಿಂದ ಬಂದರು ಎಂದೆ. ಹಿರಿಯರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ಪಾಟೀಲರೂ ಹೂಂ ಎಂದರು.

"ನಿಮ್ಮ ಮಾತಿಗೆ ನನ್ನ ಕಡೆ ಮಾತಿಲ್ರೀ," ಎಂದಳು ಅವಳು.

ನಾನು ಅದನ್ನು ಒಪ್ಪಿಗೆ ಎಂದೇ ತಿಳಿದೆ.

ಮಧ್ಯಾಹ್ನ ಸಂತೆ ಕಿಕ್ಕಿರಿದಿತ್ತು. ಕಾಡಂಚಿನ ಹಳ್ಳಿಗಳಿಂದ ಬಿದಿರಿನ ಬುಟ್ಟಿ, ಅರಿಷಿಣ, ಜೇನುತುಪ್ಪ ಬಂದಿದ್ದವು. ಮಡಿಕೆ ಮಾರುವವರು ಬೆರಳಿನಿಂದ ತಟ್ಟಿ ಸದ್ದು ಕೇಳಿಸುತ್ತಿದ್ದರು. ಹಾದಿಯೆಲ್ಲ ಕೆಂಪು ಕೆಸರು. ಬಳೆಗಾರರ ಸಾಲಿಗೆ ಬಂದು ಪಾಟೀಲರು ಕೈಯೆತ್ತಿ ಜನರನ್ನು ನಿಲ್ಲಿಸಿದರು. ಅತ್ತೆ ಮುಂದೆ ಬಂದಳು, ನಾಲ್ಕು ಹೆಜ್ಜೆ ಆಚೆಗೆ ಶೇವಂತಾಬಾಯಿ. ನಾನು ಗೊತ್ತುಮಾಡಿಕೊಟ್ಟ ಮಾತನ್ನು ಅತ್ತೆ ಕನ್ನಡದಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದಳು.

ಬಳೆಯ ಮಲಾರದ ಕಟ್ಟು ಬಿಚ್ಚುತ್ತಿದ್ದವನೊಬ್ಬ ತಲೆಯೆತ್ತದೆಯೇ, "ಸಿಕ್ತು ಖರೇ. ತಂದಿಟ್ಟವರು ಯಾರಂತ?" ಎಂದ.

ಹಿಂದಿನಿಂದ ಹೆಂಗಸೊಬ್ಬಳು, ಪಂಚರು ಕೂಡತಾರಂದ್ರ ಕದ್ದವರಿಗೆ ಹೆದರಿಕಿ ಇರೂದಿಲ್ಲೇನು ಎಂದಳು. ನಗು ಬುಟ್ಟಿಯಿಂದ ಬುಟ್ಟಿಗೆ ಹಾಯ್ದಿತು. ಅತ್ತೆಯ ಬಾಯಿ ತೆರೆಯಿತು. ನಾನೇ ಇಟ್ಟಿದ್ದೆ ಎಂಬ ಮಾತು ತುಟಿಗೆ ಬಂದದ್ದನ್ನು ನಾನು ಕಂಡೆ. ಅವಳು ನನ್ನತ್ತ ನೋಡಿದಳು. ಗೊತ್ತುಮಾಡಿದಷ್ಟನ್ನು ಹೇಳಿಯಾಯಿತು, ನಡೆ ಎಂದು ನಾನು ಅವಳ ಮೊಣಕೈ ಹಿಡಿದೆ. ಪಾಟೀಲರು ಏನೋ ಹೇಳಲು ಹೋದರು. ಅಷ್ಟರಲ್ಲಿ ಎಮ್ಮೆಯೊಂದು ನುಗ್ಗಿ ಜನ ಚದುರಿದರು. ಶೇವಂತಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮಲಪ್ರಭೆಯ ಕಡೆಯ ಹಾದಿ ಹಿಡಿದಳು. ಅವಳಿಗೆ ಉಡಿ ತುಂಬಲೆಂದು ತಂದಿದ್ದ ಅಕ್ಕಿ ಅತ್ತೆಯ ಕೈಯಲ್ಲಿಯೇ ಉಳಿಯಿತು.

ಮನೆಗೆ ಬರುವಾಗ ಅತ್ತೆ ಒಂದೇ ಮಾತು ಕೇಳಿದಳು: "ನಾನ ಇಟ್ಟಿದ್ದೆ ಅಂದಿದ್ರ ನಿನ್ನ ಕಾಯ್ದೆ ನನ್ನ ಏನ್ ಮಾಡತಿತ್ತೋ ತಮ್ಮಾ?"

ಏನೂ ಮಾಡುತ್ತಿರಲಿಲ್ಲ. ಅದು ನನಗೆ ಬೆಳಿಗ್ಗೆಯೂ ಗೊತ್ತಿತ್ತು. ಮುಂದಿನ ರವಿವಾರ ಮತ್ತೆ ನಿಂತು ಪೂರ್ತಿ ಹೇಳು ಎಂದೆ. ಅವಳು ಉಡಿಯ ಅಕ್ಕಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ನಡೆದಳು.

ಸಂಜೆಯ ಗಾಡಿಗೆ ಹೊರಟೆ. ಸಂತೆ ಮುಗಿಸಿದವರಿಂದ ಡಬ್ಬಿ ತುಂಬಿತ್ತು. ಎದುರಿಗೆ ನಡುವಯಸ್ಸಿನ ತಾಯಿ, ಬದಿಗೆ ದಿನ ತುಂಬಿದ ಮಗಳು. ಸೂಲಗಿತ್ತಿಯೇ ಹಾರ ತಿರುಗಿ ತಂದಿಟ್ಟಳೆಂದು ತಾಯಿ ಬಾಜೂದವಳಿಗೆ ಹೇಳುತ್ತಿದ್ದಳು. ಮಗಳ ಹೆರಿಗೆಗೆ ಅವಳನ್ನೇ ಕರೆಸುವುದಿತ್ತಂತೆ, ಅವಳ ಕೈ ಒಳ್ಳೆಯದಂತೆ, ಇನ್ನು ಬೇಡವಂತೆ. ನನಗೆ ಸುಮ್ಮನಿರಲಾಗಲಿಲ್ಲ. ಹಾರವನ್ನು ಇಟ್ಟವಳು ನನ್ನ ಅತ್ತೆ, ಮರೆತವಳೂ ಅವಳೇ, ಶೇವಂತಾಬಾಯಿ ಅದನ್ನು ಮುಟ್ಟಿಯೂ ಇಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಒಂದೊಂದೇ ಕಾರಣ ಕೊಟ್ಟು ವಿವರಿಸಿದೆ. ಇಷ್ಟು ಚೆನ್ನಾಗಿ ನಾನು ಕೂಟದಲ್ಲಿಯೂ ಮಾತನಾಡಿರಲಿಲ್ಲ.

ತಾಯಿ ಕೊನೆಯವರೆಗೂ ಕೇಳಿದಳು. ಸಿಟ್ಟಿಲ್ಲ, ಕೊಂಕಿಲ್ಲ.

"ನೀವು ಆ ಮನಿಯವ್ರು. ಜಗಳ ಮುಗೀಲಿ ಅಂತ ಹೇಳತೀರಿ," ಎಂದಳು. "ಹಂಗಿದ್ರ ನಿಮ್ಮ ಅತ್ತಿ ಸಂತ್ಯಾಗ ಯಾಕ ಹೇಳಲಿಲ್ರೀ?"

ಉತ್ತರ ನನ್ನ ಬಳಿ ಇತ್ತು. ಅದನ್ನು ಹೇಳಿದರೆ ಅವಳು ನಂಬಬಹುದು ಎಂದುಕೊಳ್ಳುತ್ತಿರುವಾಗಲೇ ಗಾಡಿ ದೇಸೂರಿನಲ್ಲಿ ನಿಂತಿತು. ಗಂಟುಗಳನ್ನೆತ್ತುವ ಗಡಿಬಿಡಿಯಲ್ಲಿ ಇಬ್ಬರೂ ಇಳಿದರು. ಅದು ನಾನು ಹೇಳಿಕೊಟ್ಟ ಮಾತು ಎಂದು ಕಿಟಕಿಯಿಂದ ಕೂಗಿದೆ. ಶಿಳ್ಳೆಯ ಸದ್ದಿನಲ್ಲಿ ಅದು ಅವಳಿಗೆ ಕೇಳಿಸಲಿಲ್ಲ. ಗಾಡಿ ಚಲಿಸಿತು. ಬಾಗಿ ಹಿಂದೆ ನೋಡಿದೆ. ಮಗಳು ತಾಯಿಯ ಹೆಗಲ ಮೇಲೆ ಭಾರ ಹಾಕಿ, ಗದ್ದೆಯ ಬದುವಿನ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಹೋಗುತ್ತಿದ್ದಳು.