ಮಲಗಿಸಿ ಬಂದವಳು

ನನ್ನ ನಾದಿನಿ ವೀರಬಸಮ್ಮ ಕೂತೇ ನಿದ್ದೆ ಮಾಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಕೆನಡಾದಿಂದ ನರಸಿಂಹರಾಜಪುರಕ್ಕೆ, ಅಣ್ಣನ ಮನೆಗೆ ಬಂದವಳು. ನಮ್ಮ ಹಿಟ್ಟಿನ ಗಿರಣಿಯ ಹಿಂದಿನ ಕೋಣೆ ಬಿಟ್ಟುಕೊಟ್ಟು ಹೊಸ ಮಂಚ ಮಾಡಿಸಿದೆವು. ಅದರ ಮೇಲೆ ಬಟ್ಟೆ ಮಡಚಿಡುತ್ತಾಳೆ. ತಾನು ಗೋಡೆಗೆ ಒರಗಿ, ಕಂಬಳಿ ಹೊದ್ದು ಬೆಳಗು ಮಾಡುತ್ತಾಳೆ. ಮೊದಮೊದಲು ನನಗೆ ಮೈ ಉರಿಯುತ್ತಿತ್ತು. "ಮಂಚದ ಮೇಲೆ ಮುಳ್ಳು ಹಾಸಿದೀವಾ ಮಾರಾಯ್ತಿ?" ಎಂದು ಗದರಿದ್ದೂ ಉಂಟು.

ಕಾರಣ ಗೊತ್ತಾದ ಮೇಲೆ ಆ ಕೋಣೆಗೆ ಒಬ್ಬಳೇ ಹೋಗಲು ನನಗೆ ಹೆದರಿಕೆ.

ಅವಳ ಗಂಡ ಸೋಮನಾಥ್ ವೆಲ್ಡಿಂಗ್ ಕೆಲಸದವರು. ಬಾಳೆಹೊನ್ನೂರಿನಲ್ಲಿ ಗೇಟು, ಕಿಟಕಿ ಮಾಡುತ್ತಿದ್ದವರು ಕೆನಡಾಕ್ಕೆ ಹೋಗಿ, ಇಬ್ಬರಿಗೂ ಅಲ್ಲೇ ಕಾಯಂ ಆಗಿ ಇರುವ ಹಕ್ಕಿನ ಕಾರ್ಡು ಪಡೆದಿದ್ದರು. ಮಕ್ಕಳಾಗಲಿಲ್ಲ. ಒಂದು ಚಳಿಗಾಲ ಕೆಲಸದಿಂದ ಬಂದು ಶೂ ಬಿಚ್ಚುತ್ತಿದ್ದಂತೆ ಕುಸಿದರು. ನಮ್ಮವರು ಸತ್ತವರನ್ನು ಸುಡುವುದಿಲ್ಲ. ಅಂಗೈಯಲ್ಲಿ ಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಸುಡುವುದೋ ಹೂಳುವುದೋ ಎಂದು ಅಲ್ಲಿಯವರು ಕೇಳಿದಾಗ ಇವಳು ಹೂಳುವುದು ಎಂದಳು. ಉದ್ದನೆಯ ಪೆಟ್ಟಿಗೆ ಕಣ್ಣೆದುರು ಬಂದಾಗಲೇ, ಮಲಗಿಸಿ ಹೂಳುತ್ತಾರೆ ಎಂದು ಅವಳಿಗೆ ಹೊಳೆದದ್ದು.

"ಕೂರಿಸಬೇಕು ಅಂತ ಹೇಳಬಹುದಿತ್ತು ಅತ್ತಿಗೆ. ಅಷ್ಟು ಇಂಗ್ಲಿಷ್ ಬರ್ತಿತ್ತು. ಎಲ್ಲ ಎಂತ ಅಂದ್ಕೊಳ್ತಾರೋ ಅಂತ ನಾಚಿಕೆ ಆಯ್ತು. ಸುಮ್ನೆ ನಿಂತೆ."

ಅಂದಿನಿಂದ ಅವರು ಕರೆಯುತ್ತಾರಂತೆ. ಸಿಟ್ಟಿಲ್ಲ, ಬೈಗುಳವಿಲ್ಲ. "ಬೆನ್ನು ನೋಯ್ತದೆ ವೀರಾ, ಎಬ್ಬಿಸಿ ಕೂರಿಸು," ಅಷ್ಟೇ. ಗಿರಣಿ ಓಡುವಾಗಲೂ ಕೇಳುತ್ತದಂತೆ. ಆ ಸದ್ದಿನಲ್ಲಿ ನಮಗೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. "ಅವರ ಬದಲು ನಾನಾದ್ರೂ ಕೂತಿರ್ತೀನಿ," ಎನ್ನುತ್ತಾಳೆ.

"ಸತ್ತವರಿಗೆ ಎಂಥ ಬೆನ್ನು ನೋವೇ?" ಎಂದು ನಗಲು ನೋಡಿದೆ. ನಗು ಬರಲಿಲ್ಲ. ಮಠದ ಅಯ್ಯನವರನ್ನು ಕರೆಸಿ ಪೂಜೆ ಮಾಡಿಸಿದೆವು. ಪ್ರಸಾದ ಉಂಡು ಅವಳು ಮತ್ತೆ ಗೋಡೆಗೆ ಒರಗಿದಳು.

ಹೋದ ವರ್ಷ ಇದ್ದಕ್ಕಿದ್ದಂತೆ, "ಒಂದ್ಸಲ ಹೋಗಿ ಬರ್ತೀನಿ. ಆ ಮಣ್ಣಿಗೆ ವಿಭೂತಿ ಹಚ್ಚಿ ತಪ್ಪಾಯ್ತು ಅನ್ನಬೇಕು," ಎಂದಳು. ಹೋಗಿ ಬಂದರೆ ಮಲಗಿಯಾಳು ಎಂದು ನಾನೇ ಅವಳನ್ನು ಕೊಪ್ಪಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಯೋಗೇಂದ್ರ ಎಂಬವನು ಪಾಸ್‌ಪೋರ್ಟು, ವೀಸಾ ಕೆಲಸ ಮಾಡಿಕೊಡುತ್ತಾನೆ.

"ಕಾರ್ಡಿನ ಅವಧಿ ಮುಗಿದಿದೆ ಅಮ್ಮ. ಆದ್ರೂ ಲೆಕ್ಕದಲ್ಲಿ ನೀವು ಇನ್ನೂ ಅಲ್ಲಿಯವರೇ. ಅಲ್ಲಿಯವರಿಗೆ ನೆಂಟರ ಹಾಗೆ ವೀಸಾ ಕೊಡಲ್ಲ. ಇಷ್ಟು ವರ್ಷ ಹೊರಗಿದ್ದೀರಲ್ಲ, ಹಾಗೇ ಒಳಗೆ ಬಿಡೋದೂ ಕಷ್ಟ. ಆ ಹಕ್ಕು ಬಿಟ್ಟುಕೊಡಿ, ಆಮೇಲೆ ವೀಸಾ ಕೇಳೋಣ."

"ಬಿಟ್ಟುಕೊಟ್ಟರೆ ಅವರೊಬ್ಬರೇ ಅಲ್ಲಿ ಉಳೀತಾರೆ," ಎಂದಳು ವೀರಬಸಮ್ಮ. ಯೋಗೇಂದ್ರ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಎರಡು ತಿಂಗಳು ಹಿಂದೆಮುಂದೆ ನೋಡಿ ಕೊನೆಗೆ ಬಿಟ್ಟುಕೊಟ್ಟಳು. ಅದಕ್ಕೆ ಕೆನಡಾದಿಂದ ಒಪ್ಪಿಗೆ ಬಂದ ದಿನ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಗಂಡ ಸತ್ತ ಸುದ್ದಿಯನ್ನು ಫೋನಿನಲ್ಲಿ ಹೇಳುವಾಗಲೂ ಅಷ್ಟು ಅತ್ತಿರಲಿಲ್ಲ. ಆಮೇಲೆ ವೀಸಾಕ್ಕೆ ಹಾಕುವಾಗ ಯೋಗೇಂದ್ರ, "ಊರು ನೋಡೋಕೆ ಅಂತ ಹಾಕ್ತೀನಿ," ಎಂದ.

"ಬೇಡ. ಗಂಡನ ಸಮಾಧಿ ನೋಡೋಕೆ ಅಂತ್ಲೇ ಹಾಕಿ."

ಉತ್ತರ ಬಂದಾಗ ನಾವಿಬ್ಬರೂ ಗಿರಣಿಯಲ್ಲಿ ರಾಗಿ ಜರಡಿ ಹಿಡಿಯುತ್ತಿದ್ದೆವು. ನಾನು ಸ್ಪೀಕರಿಗೆ ಹಾಕಿ ಹಿಡಿದ ಫೋನಿನಲ್ಲಿ ಯೋಗೇಂದ್ರನ ದನಿ ಸಣ್ಣಗಿತ್ತು. "ಆಗಲಿಲ್ಲ ಅಮ್ಮ. ನೀವು ಹೇಳಿದ ದಿನಕ್ಕೆ ವಾಪಸ್ ಹೊರಡ್ತೀರಿ ಅನ್ನೋ ನಂಬಿಕೆ ಅವರಿಗೆ ಬಂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಇದ್ದ ಹಕ್ಕೂ ಹೋಯಿತು, ಹೋಗುವ ದಾರಿಯೂ ಮುಚ್ಚಿತು. "ಎಂಥ ಮಾತು! ಇಲ್ಲಿ ಮನೆ ಇಲ್ವಾ? ಒಡಹುಟ್ಟಿದ ಅಣ್ಣ ಇಲ್ವಾ? ನಾವೆಲ್ಲ ಸತ್ತಿದೀವಾ?" ಎಂದು ಫೋನಿನಲ್ಲೇ ಕೂಗಾಡಿದೆ.

ವೀರಬಸಮ್ಮ ನನ್ನ ಕೈಯಿಂದ ಫೋನು ತೆಗೆದು ಕೆಳಗಿಟ್ಟಳು.

"ಬೈಬೇಡಿ ಅತ್ತಿಗೆ. ವೀಸಾದವರು ಸರಿಯಾಗೇ ಹೇಳಿದಾರೆ. ನಮ್ಮನೆಯವರ ಸಮಾಧಿ ಪಕ್ಕದ ಜಾಗಾನ ನಾನು ಆವಾಗ್ಲೇ ನಂಗೆ ಅಂತ ತಗೊಂಡಿದ್ದೆ. ಎಬ್ಬಿಸಿ ಕೂರಿಸೋಕೆ ಆಗಲ್ಲ ಅಂತ ನಂಗೆ ಗೊತ್ತಿಲ್ವಾ? ಜೊತೆಗೆ ಮಲಗೋಕೆ ಹೊರಟಿದ್ದೆ."