ಎರಡನೇ ಪ್ರಾಶಸ್ತ್ಯ

ನನಗೆ ಹೊಟ್ಟೆಕಿಚ್ಚು ಇದೆ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು. ಊರಿನ ಶ್ರೀಮಂತರ ಮೇಲಲ್ಲ, ದೊಡ್ಡ ಅಧಿಕಾರಿಗಳ ಮೇಲಲ್ಲ, ಒಬ್ಬನೇ ಒಬ್ಬನ ಮೇಲೆ. ಅವನು ನನ್ನ ಗೆಳೆಯ. ಒಂದು ಕಾಲಕ್ಕೆ ಜಗಳೂರಿನ ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು, ಈಗ ವಿಧಾನ ಪರಿಷತ್ತಿನ ಸದಸ್ಯ. ನಾನು ಆಗಲೂ ಕನ್ನಡ ಮೇಷ್ಟ್ರು, ಈಗಲೂ ಕನ್ನಡ ಮೇಷ್ಟ್ರು.

ಜಗಳೂರಿನಲ್ಲಿ ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದೆವು. ಬಸ್ ನಿಲ್ದಾಣದ ಹಿಂದೆ ಒಂದು ರೂಮು ಹಿಡಿದೆವು. ಅಡುಗೆ ನನ್ನದು, ಪಾತ್ರೆ ತೊಳೆಯುವುದು ಅವನದು. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆಂದು ಬೀದಿಯಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ, ಅವನಿಗೆ ಮಾತ್ರ ಗೊತ್ತಿರುತ್ತಿತ್ತು. ನೀರು ಬಿಡುವವನ ಮಗಳಿಗೆ ಕೆಮ್ಮು ಹಿಡಿದಿದೆ ಎಂಬುದನ್ನೂ, ಅವನ ತಮ್ಮನಿಗೆ ಹೆಣ್ಣು ನೋಡುತ್ತಿದ್ದಾರೆ ಎಂಬುದನ್ನೂ ಊರಿಗೆ ಬಂದ ಹೊಸದರಲ್ಲೇ ತಿಳಿದುಕೊಂಡಿದ್ದ. ನಾನೂ ಅದೇ ದಾರಿಯಲ್ಲಿ ಓಡಾಡುತ್ತಿದ್ದೆ, ನನಗೆ ಆ ಮನುಷ್ಯನ ಮುಖವೂ ನೆನಪಿರುತ್ತಿರಲಿಲ್ಲ. ನಮ್ಮ ಕೊಡಗಳು ಎಲ್ಲರಿಗಿಂತ ಮೊದಲು ತುಂಬುತ್ತಿದ್ದವು. ಆ ನೀರಿನಲ್ಲೇ ಸ್ನಾನ ಮಾಡಿ, ಇವನಿಗೆ ಪುಸ್ತಕ ಮುಟ್ಟುವ ಅಭ್ಯಾಸವೇ ಇಲ್ಲವಲ್ಲ ಎಂದು ನಾನು ಮೂಗು ಮುರಿಯುತ್ತಿದ್ದೆ.

ಓದಿನಲ್ಲಿ ನಾನು ಅವನಿಗಿಂತ ಮೇಲು. ಇದು ಜಂಬವಲ್ಲ, ಇದ್ದ ಸಂಗತಿ. ಶಾಲೆಯ ವಾರ್ಷಿಕೋತ್ಸವಕ್ಕೆ ಸ್ವಾಗತ ಭಾಷಣ ಬರೆಯುತ್ತಿದ್ದವನು ನಾನು. ಓದುತ್ತಿದ್ದವನು ಅವನು, ಯಾಕೆಂದರೆ ಮೈದಾನದಲ್ಲಿ ಕೂಗಿ ಪಳಗಿದ ಅವನ ಗಂಟಲಿಗೆ ಮೈಕು ಕೈಕೊಟ್ಟರೂ ತೊಂದರೆ ಇರಲಿಲ್ಲ. ನಾನು ಬರೆದದ್ದರಲ್ಲಿ ಅರ್ಧ ಬಿಟ್ಟು, ನಡುವೆ ಯಾರದೋ ಅಜ್ಜಿಯ ಸುದ್ದಿ ಸೇರಿಸಿ, ಜನರನ್ನು ನಗಿಸಿ ಇಳಿದು ಬರುತ್ತಿದ್ದ. ಊರಿನ ಹಿರಿಯರು ಬಂದು, "ಎಷ್ಟು ಚಂದ ಮಾತಾಡ್ತೀರಿ ಮೇಷ್ಟ್ರೆ" ಎಂದು ಅವನ ಕೈ ಹಿಡಿದುಕೊಳ್ಳುತ್ತಿದ್ದರು. "ಬರೆದೋರು ಇವ್ರು" ಎಂದು ಅವನು ನನ್ನ ಕಡೆ ತೋರಿಸುತ್ತಿದ್ದ. ಅವರು ನನ್ನನ್ನು ಒಮ್ಮೆ ನೋಡಿ ಮತ್ತೆ ಅವನ ಜೊತೆ ಮಾತಿಗಿಳಿಯುತ್ತಿದ್ದರು.

ಹೀಗಿರುವಾಗ ತಾಲೂಕಿನ ಶಿಕ್ಷಕರ ಸಂಘಕ್ಕೆ ಚುನಾವಣೆ ಬಂತು. ಅಧ್ಯಕ್ಷನಾಗಬೇಕೆಂದು ನನಗೆ ಬಹಳ ಆಸೆ ಇತ್ತು. ಅವನ ಹತ್ತಿರ ಹೇಳಿಕೊಂಡೆ.

"ನಿಲ್ಲು ಮಾರಾಯ, ನಿನ್ನಂಥವ್ರೇ ಬೇಕು. ನೀನು ಭಾಷಣ ಬರ್ಕೊಂಡು ಕೂತಿರು, ಊರೂರು ತಿರುಗಾಕೆ ನಾನಿದೀನಿ" ಎಂದ.

ಹೇಳಿದ ಹಾಗೆಯೇ ಮಾಡಿದ. ತನ್ನ ಬೈಕಿನಲ್ಲಿ ತಾಲೂಕಿನ ಶಾಲೆಗಳನ್ನೆಲ್ಲ ಸುತ್ತಿ ನನ್ನ ಪರವಾಗಿ ಮತ ಕೇಳಿದ. ಹೋದಲ್ಲಿ ಹುಡುಗರ ಜೊತೆ ಕೂತು ಬಿಸಿಯೂಟ ಉಂಡ, ಅವರಿಗೆ ಖೋಖೋ ಆಡಿಸಿದ, ಯಾವ ಮೇಷ್ಟ್ರ ಬಡ್ತಿಯ ಫೈಲು ಯಾವ ಮೇಜಿನ ಮೇಲೆ ನಿಂತಿದೆ ಎಂದು ವಿಚಾರಿಸಿ ತಿಳಿಸಿದ. ನಾಮಪತ್ರ ಹಾಕುವ ಹೊತ್ತಿಗೆ ಎಲ್ಲ ಶಾಲೆಯವರದೂ ಅವನ ಹತ್ತಿರ ಒಂದೇ ಹಟ, ನೀವೇ ನಿಲ್ಲಬೇಕು ಎಂದು. ರೂಮಿಗೆ ಬಂದು ನನ್ನ ಎದುರು ತಲೆ ಕೆರೆದುಕೊಳ್ಳುತ್ತ ಕೂತ.

"ನಾನು ಬ್ಯಾಡ ಅಂದೆ ಕಣೋ. ಅವ್ರು ಕೇಳಾಕೇ ತಯಾರಿಲ್ಲ. ನೀನು ಹೂಂ ಅಂದ್ರೆ ನಿಲ್ತೀನಿ, ಊಹೂಂ ಅಂದ್ರೆ ಇಲ್ಲ."

ಅವನು ನಿಜವನ್ನೇ ಹೇಳುತ್ತಿದ್ದ. ಅದೇ ನನಗೆ ಕಷ್ಟವಾದದ್ದು. ಮೋಸ ಮಾಡಿದ್ದರೆ ಜಗಳವಾಡಿ ಹಗುರಾಗಬಹುದಿತ್ತು, ನಾಲ್ಕು ಜನರ ಮುಂದೆ ಅವನ ಮಾನ ಕಳೆಯಬಹುದಿತ್ತು. ಅಂಥ ಅವಕಾಶವನ್ನು ಅವನು ಯಾವತ್ತೂ ಕೊಟ್ಟವನಲ್ಲ. ಹಲ್ಲು ಕಚ್ಚಿಕೊಂಡು ಹೂಂ ಅಂದೆ. ನಾನು ಬರೆದಿಟ್ಟುಕೊಂಡಿದ್ದ ಭಾಷಣವನ್ನು ಅಧ್ಯಕ್ಷನಾಗಿ ಅವನೇ ಓದಿದ, ಅರ್ಧ ಬಿಟ್ಟು.

ಆಮೇಲೆ ನನಗೆ ಚನ್ನಗಿರಿ ತಾಲೂಕಿಗೆ ವರ್ಗವಾಯಿತು, ತ್ಯಾವಣಿಗೆಯ ಕಡೆ. ಅವನು ನ್ಯಾಮತಿಗೆ ಹೋದ. ದೂರವಾದರೆ ಕಣ್ಣಿಗೆ ಬೀಳುವುದಿಲ್ಲ, ಹೊಟ್ಟೆಯೂ ತಣ್ಣಗಿರುತ್ತದೆ ಅಂದುಕೊಂಡೆ. ಆದರೆ ಅವನು ಕೆಲಸಕ್ಕೆ ರಾಜೀನಾಮೆ ಕೊಟ್ಟು ಜಿಲ್ಲಾ ಪಂಚಾಯಿತಿಗೆ ನಿಂತ. ನಿಲ್ಲುವ ಮೊದಲು ನನ್ನನ್ನು ಕೇಳಿದ್ದ. ಸರ್ಕಾರಿ ನೌಕರಿ ಬಿಡುವುದು ಹುಚ್ಚುತನ ಎಂದಿದ್ದೆ. ಕಾಳಜಿಯಿಂದ ಹೇಳಿದೆನೋ, ಇವನು ಕೈ ತಪ್ಪಿ ಮೇಲೇರುತ್ತಾನೆಂಬ ಭಯಕ್ಕೆ ಹೇಳಿದೆನೋ ನನಗೇ ತಿಳಿಯದು. ಅವನು ಗೆದ್ದ.

ಗೆದ್ದ ಮೇಲೆ ಆ ಕಡೆ ಹೋಗುವುದೇ ಬೇಡವೆನಿಸಿತು. ಒಮ್ಮೆ ಮದುವೆಗೆಂದು ನ್ಯಾಮತಿ ಪಕ್ಕದ ಹೊನ್ನಾಳಿಗೆ ಹೋಗುವಾಗ ಬಸ್ಸಿನ ಕಂಡಕ್ಟರು ನನ್ನ ಮುಖವನ್ನೇ ನೋಡಿ ನಕ್ಕ. ಜಗಳೂರಿನಲ್ಲಿ ನನ್ನ ಕೈಯಲ್ಲಿ ಕಲಿತ ಹುಡುಗ. ಹಳಗನ್ನಡದ ಪದ್ಯ ಬಾಯಿಪಾಠ ಮಾಡಿಸಲು ಅವನ ಜೊತೆ ಎಷ್ಟು ಹೆಣಗಾಡಿದ್ದೆ ಎಂಬುದು ನನಗೆ ನೆನಪಿತ್ತು. ಖುಷಿಯಾಯಿತು. ಅವನು ಹತ್ತಿರ ಬಂದು, "ಸಾರ್, ನೀವು ನಮ್ ಪಿ.ಟಿ. ಮೇಷ್ಟ್ರ ರೂಮಲ್ಲಿ ಇದ್ದೋರು ಅಲ್ಲೇನ್ರೀ?" ಎಂದು ಕೇಳಿದ. ಹೌದಪ್ಪಾ ಎಂದು ಟಿಕೆಟ್ ತೆಗೆದುಕೊಂಡೆ. ಮದುವೆ ಊಟ ಸೇರಲಿಲ್ಲ.

ಮನೆಯಲ್ಲಿಯೂ ಇದೇ ಕಥೆ. ಅವನು ಚನ್ನಗಿರಿಗೆ ಬಂದರೆ ನನ್ನಾಕೆ ಮಂಡಕ್ಕಿ ಒಗ್ಗರಣೆ ಹಾಕಿ, ಬಿಸಿಬಿಸಿ ಮಿರ್ಚಿ ಕರಿಯಲು ನಿಲ್ಲುತ್ತಾಳೆ. ನಾನು ಕೇಳಿದರೆ ಎಣ್ಣೆ ಪದಾರ್ಥ ಒಳ್ಳೆಯದಲ್ಲ ಎನ್ನುವವಳು ಇವಳೇ. "ಅಣ್ಣ ಬಂದ್ರೆ ಮನೆ ತುಂಬಿದಂಗೆ ಆಕೈತೆ ನೋಡ್ರಿ" ಎನ್ನುತ್ತಾಳೆ. ಅವನು ಇಲ್ಲದಾಗ ಮನೆಯಲ್ಲಿ ಇರುವವನು ಯಾರು ಎಂದು ಕೇಳಬೇಕೆನಿಸುತ್ತದೆ. ಕೇಳಿಲ್ಲ.

ಇಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಅವನ ಕಣ್ಣು ವಿಧಾನ ಪರಿಷತ್ತಿನ ಮೇಲೆ ಬಿತ್ತು, ಅದೂ ಶಿಕ್ಷಕರ ಕ್ಷೇತ್ರದಿಂದ. ಇಲ್ಲಿ ಮತ ಹಾಕುವವರು ಹೈಸ್ಕೂಲು, ಕಾಲೇಜುಗಳಲ್ಲಿ ಪಾಠ ಮಾಡುವವರು ಮಾತ್ರ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಂದ ಹಿಡಿದು ಘಟ್ಟದ ಕೆಳಗಿನ ಸಮುದ್ರದವರೆಗೆ ಒಂದೇ ಕ್ಷೇತ್ರ. ಜಗಳೂರು ಬೇರೆ ಕ್ಷೇತ್ರಕ್ಕೆ ಸೇರುವುದರಿಂದ ನಮ್ಮಿಬ್ಬರನ್ನೂ ಚೆನ್ನಾಗಿ ಬಲ್ಲ ಅಲ್ಲಿನವರಿಗೆ ಮತವಿರಲಿಲ್ಲ. ನನಗಿತ್ತು.

ಮತದಾರರಿಗೆ ಹಂಚುವ ಮನವಿಯನ್ನು ನಾನೇ ಬರೆದುಕೊಟ್ಟೆ. ಫೋನಿನಲ್ಲಿ ಕೇಳಿದ, ಇಲ್ಲವೆನ್ನಲಾಗಲಿಲ್ಲ. ಒಂದು ಭಾನುವಾರ ಪೂರ್ತಿ ಕೂತು ಒಂದೊಂದು ವಾಕ್ಯವನ್ನೂ ತಿದ್ದಿದೆ. ಅದು ನಮ್ಮ ಶಾಲೆಗೂ ಅಚ್ಚಾಗಿ ಬಂತು. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಅದನ್ನು ಗಟ್ಟಿಯಾಗಿ ಓದಿ, "ಪಿ.ಟಿ. ಮೇಷ್ಟ್ರು ಅಂತಾರೆ, ಕನ್ನಡ ಎಷ್ಟು ಚೆನ್ನಾಗೈತೆ ನೋಡ್ರಿ, ಕಲೀರಿ ಸಾರ್" ಎಂದು ನನ್ನ ಕಡೆಗೇ ಚಾಚಿದರು. ಓದಿದೆ. ಚೆನ್ನಾಗಿಯೇ ಇತ್ತು.

ಮತದಾನಕ್ಕೆ ಸ್ವಲ್ಪ ಮೊದಲು ಅವನು ನಮ್ಮ ಮನೆಗೆ ಬಂದ. ಕಾರನ್ನೂ ಜೊತೆಯವರನ್ನೂ ರಸ್ತೆಯಲ್ಲೇ ಬಿಟ್ಟು ಒಬ್ಬನೇ ಒಳಗೆ ಬಂದ. ಸೊರಗಿದ್ದ. ನೌಕರಿ ಇಲ್ಲ, ಜಿಲ್ಲಾ ಪಂಚಾಯಿತಿಯ ಅವಧಿಯೂ ಮುಗಿದಿತ್ತು, ಇದರಲ್ಲಿ ಸೋತರೆ ಮನೆಯಲ್ಲಿ ಕೂರುವುದೊಂದೇ ದಾರಿ ಎಂದು ತಾನಾಗಿಯೇ ಹೇಳಿದ. ಈಗ ನನ್ನ ಕೈ ಹಿಡಿದು ಮತ ಕೇಳುತ್ತಾನೆ ಎಂದು ಕಾದು ಕೂತೆ. ಅವನು ಮಿರ್ಚಿ ತಿಂದ, ಚಹಾ ಕುಡಿದ, ನನ್ನಾಕೆಯ ಮೊಣಕಾಲು ನೋವಿನ ಬಗ್ಗೆ ವಿಚಾರಿಸಿದ, ಎದ್ದ.

"ಏನೋ, ನನ್ನ ವೋಟು ಕೇಳಲಿಲ್ಲ?" ಎಂದು ನಗುತ್ತ ಕೇಳಿದೆ.

"ನಿನ್ನ ಕೇಳಾದೇನು? ಊರೆಲ್ಲಾ ಕೈ ಮುಗ್ದು ಸಾಕಾಗೈತೆ. ಕೈ ಮುಗೀದೇ ಕೂರಾಕೆ ಒಂದು ಮನೆ ಬೇಕಾಗಿತ್ತು, ಬಂದೆ" ಎಂದು ಹೊರಟುಹೋದ.

ನನ್ನಾಕೆಯ ಕಣ್ಣು ತೇವವಾಗಿತ್ತು. ನನಗೆ ಉರಿದುಹೋಯಿತು. ಕಡಲ ತೀರದ ಯಾವುದೋ ಊರಿನ ಮೇಷ್ಟ್ರಿಗೆ ಬಗ್ಗಿ ನಮಸ್ಕಾರ ಮಾಡುತ್ತಾನೆ, ನನಗೆ ಮಾಡುವುದಿಲ್ಲ. ಗೋಡೆಗೆ ಹೊಡೆದ ಮೊಳೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ. ಕೇಳಿದ್ದರೆ ಕೊಡುತ್ತಿದ್ದೆ. ದೇವರಾಣೆಗೂ ಕೊಡುತ್ತಿದ್ದೆ.

ಈ ಚುನಾವಣೆಯಲ್ಲಿ ಗುಂಡಿ ಒತ್ತುವುದಿಲ್ಲ. ಮತಪತ್ರದಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ಅಂಕಿ ಬರೆಯಬೇಕು. ಒಂದು ಬರೆದರೆ ಮೊದಲ ಪ್ರಾಶಸ್ತ್ಯ, ಎರಡು ಬರೆದರೆ ಎರಡನೆಯದು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ, ತೀರ ಕಡಿಮೆ ಬಂದವನನ್ನು ಕೈಬಿಟ್ಟು, ಅವನಿಗೆ ಒಂದು ಬರೆದವರು ಎರಡು ಯಾರಿಗೆ ಬರೆದಿದ್ದಾರೆಂದು ನೋಡಿ ಅವರ ಲೆಕ್ಕಕ್ಕೆ ಸೇರಿಸುತ್ತಾರೆ. ಮೇಷ್ಟ್ರುಗಳಾದ ನಮಗೆ ಇದೆಲ್ಲ ಗೊತ್ತು. ಗೊತ್ತಿದ್ದೂ, ಎರಡನೆಯದು ಎಂದರೆ ಸಮಾಧಾನಕರ ಬಹುಮಾನ ಎಂದೇ ನಮ್ಮ ತಲೆಯಲ್ಲಿ ಕೂತಿರುತ್ತದೆ.

ಮತಗಟ್ಟೆಯ ಅಧಿಕಾರಿ ಕೊಟ್ಟ ನೇರಳೆ ಬಣ್ಣದ ಪೆನ್ನು ಹಿಡಿದು ಮರೆಯಲ್ಲಿ ನಿಂತೆ. ಮತಪತ್ರದಲ್ಲಿ ಅವನ ಫೋಟೋ ನಗುತ್ತಿತ್ತು. ಕೆಳಗೆ, ಘಟ್ಟದ ಕೆಳಗಿನ ಒಬ್ಬ ನಿವೃತ್ತ ಉಪನ್ಯಾಸಕರ ಹೆಸರಿತ್ತು. ಪಕ್ಷವಿಲ್ಲ, ಜನವಿಲ್ಲ, ಗೆಲ್ಲುವ ಮಾತಂತೂ ಇಲ್ಲವೇ ಇಲ್ಲ. ಅವರ ಮುಂದೆ ಒಂದು ಎಂದು ಬರೆದೆ. ಹಿತವಾಯಿತು. ಆದರೆ ನಾಳೆ ಹಾಕಿದ್ಯಾ ಎಂದು ಕೇಳಿದರೆ ಹಾಕಿದೆ ಎನ್ನಬೇಕಲ್ಲ, ಸುಳ್ಳು ಹೇಳಿ ನನಗೆ ರೂಢಿಯಿಲ್ಲ. ಅದಕ್ಕೆ ಅವನ ಮುಂದೆ ಎರಡು ಬರೆದೆ.

ಎಣಿಕೆಯ ದಿನ ಶಾಲೆಯಲ್ಲಿ ಎಲ್ಲರೂ ಮೊಬೈಲು ನೋಡುತ್ತಿದ್ದರು. ಮೊದಲ ಪ್ರಾಶಸ್ತ್ಯದಲ್ಲಿ ಅವನು ಹಿಂದೆ ಬಿದ್ದಿದ್ದ. ಎಲ್ಲರೂ ಲೊಚಗುಟ್ಟಿದರು, ನಾನೂ ಲೊಚಗುಟ್ಟಿದೆ. ಒಳಗೆ ಸಂತೋಷವಾಗಿತ್ತು. ಅವನಿಗೆ ಕೆಟ್ಟದಾಗಲಿ ಎಂದಲ್ಲ. ಅವನು ಸೋಲಬೇಕು, ಸೋತು ನನ್ನ ಹತ್ತಿರ ಬರಬೇಕು, ಕಾರಿಲ್ಲದೆ ಬಸ್ಸಿನಲ್ಲಿ ಬರಬೇಕು, ನಮ್ಮ ಜಗುಲಿಯ ಮೇಲೆ ಕೂತು ಏನು ಮಾಡಲೋ ಎಂದು ಕೇಳಬೇಕು. ಆಗ ಹೇಳಬೇಕಾದ ಸಮಾಧಾನದ ಮಾತನ್ನೂ ಒಂಬತ್ತನೇ ತರಗತಿಯ ಪಾಠದ ನಡುವೆ ಮನಸ್ಸಿನಲ್ಲೇ ಜೋಡಿಸಿಕೊಂಡೆ. ಸಂಜೆ ಮನೆಗೆ ಬಂದರೆ ನನ್ನಾಕೆ ಬಾಗಿಲಲ್ಲೇ ನಿಂತಿದ್ದಳು.

"ಅಣ್ಣ ಗೆದ್ರಂತೆ ಕಣ್ರೀ. ಎರಡನೇ ವೋಟಿನಾಗೆ ಮೇಲೆ ಬಂದ್ರಂತೆ. ಯಾರೋ ಬಿದ್ದೋದ ರಿಟೈರ್ಡ್ ಲೆಕ್ಚರರಿಗೆ ಹಾಕಿದೋರು ಎಲ್ಲಾ ಎರಡನೇದು ಇವ್ರಿಗೇ ಬರೆದಿದ್ರಂತೆ."

ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕೂತೆ.

ಕೃತಜ್ಞತಾ ಸಭೆ ಚನ್ನಗಿರಿಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಅವನು ಕಾಗದವಿಲ್ಲದೆ ಮಾತಾಡಿದ. ನನ್ನನ್ನು ವೇದಿಕೆಗೆ ಕರೆದು, "ನನಗೆ ಒಂದನೇ ವೋಟು ಹಾಕಿದೋರಲ್ಲಿ ಮೊದಲ್ನೇದೋನು ಇವನು" ಎಂದು ಶಾಲು ಹೊದಿಸಿದ. ಚಪ್ಪಾಳೆ ಜೋರಾಗಿತ್ತು. ನನಗಾಗಿಯೇ ಅಷ್ಟು ಜನ ಚಪ್ಪಾಳೆ ಹೊಡೆದದ್ದು ಅದೇ ಮೊದಲು. ಮುಂದಿನ ಸಾಲಿನಲ್ಲಿದ್ದ ನನ್ನಾಕೆಯೂ ಹೊಡೆಯುತ್ತಿದ್ದಳು. ನಾನು ಕೈ ಮುಗಿದು ಇಳಿದು ಬಂದೆ.

ಊಟಕ್ಕೆ ನಮ್ಮ ಮನೆಗೇ ಬಂದ. ಉಂಡು ಕೈ ತೊಳೆದು, ಅಡಿಕೆ ಬಾಯಿಗೆ ಹಾಕಿಕೊಂಡು, ನನ್ನ ಪಕ್ಕದಲ್ಲಿ ಕೂತ. ಮೆಲ್ಲಗೆ ಮಾತು ಶುರುಮಾಡಿದ.

"ನಿಂಗೆ ಥ್ಯಾಂಕ್ಸ್ ಹೇಳಾಕೆ ಹೋಗಲ್ಲ. ನಿಂದು ಸ್ನೇಹದ ವೋಟು, ನೀನು ಹಾಕೇ ಹಾಕ್ತೀಯ. ಆದ್ರೆ ಆ ಎರಡು ಬರೆದೋರು ಇದಾರಲ್ಲ, ಅವ್ರದ್ದೇ ತಲೆಯಾಗೆ ಕೂತೈತೆ. ಅವ್ರಿಗೆ ಬೇಕಾದೋನು ಬೇರೆ ಇದ್ದ. ನಾನು ಅವ್ರ ಮನೆಗೆ ಹೋಗಿಲ್ಲ, ಅವ್ರ ಮುಖ ನೋಡಿಲ್ಲ. ಆದ್ರೂ ಇವನೂ ಇರ್ಲಿ ಅಂತ ಬರೆದ್ರಲ್ಲ. ನನ್ನ ಬದುಕಿಸಿದೋರು ಅವ್ರು."

ಅವನ ಧ್ವನಿ ಒಡೆದಿತ್ತು. ಇಷ್ಟು ವರ್ಷಗಳಲ್ಲಿ ನನ್ನ ಬಗ್ಗೆ ಅವನು ಒಮ್ಮೆಯೂ ಆ ಧ್ವನಿಯಲ್ಲಿ ಮಾತಾಡಿದವನಲ್ಲ. ಯಾರವರು, ಇವನಿಗೆ ಏನು ಮಾಡಿದ್ದಾರೆ, ಇವನನ್ನು ನನ್ನಷ್ಟು ಬಲ್ಲರೇ ಎಂದು ಆ ಗುರುತಿಲ್ಲದವರ ಮೇಲೆ ಕುದಿಯುತ್ತ ಕೂತೆ. ಅವರಲ್ಲಿ ನಾನೂ ಒಬ್ಬ ಎನ್ನುವುದು ಸ್ವಲ್ಪ ತಡವಾಗಿ ಹೊಳೆಯಿತು. ನಾನೇ ಕಣೋ ಎಂದು ಹೇಳಲು ಬಾಯಿ ತೆರೆದೆ. ಹೇಳಿದರೆ ಶಾಲೂ ಇಲ್ಲ, ಸ್ನೇಹವೂ ಇಲ್ಲ. ಹೇಳದಿದ್ದರೆ ಆ ಧ್ವನಿ ನನಗಲ್ಲ.

"ಯಾರಿರಬೋದು ಅಂತೀಯ?" ಎಂದು ಕೇಳಿದ.

"ಯಾರೋ ಇರ್ತಾರೆ ಬಿಡು" ಎಂದೆ.

ಅವನು ಹೂಂ ಎಂದು, ಕಿಟಕಿಯ ಕಡೆ ತಿರುಗಿ, ಕಣ್ಣು ಮುಚ್ಚಿ ಅವರಿಗೆ ಕೈ ಮುಗಿದ. ಮುಗಿದ ಕೈಯನ್ನು ತುಂಬಾ ಹೊತ್ತು ಇಳಿಸಲಿಲ್ಲ. ನಾನು ಅವನ ಬೆನ್ನ ಹಿಂದೆ ಕೂತಿದ್ದೆ.